ನಾಲ್ಕನೇ ಪೈಪಿನ ನೀರು

ಮೋಟೆಬೆನ್ನೂರಿನ ಹೆದ್ದಾರಿ ಬದಿಯಲ್ಲಿ ಮುಚ್ಚಿಹೋದ ಪೆಟ್ರೋಲ್ ಬಂಕೊಂದಿತ್ತು. ಅದರ ಹಿಂದಿನ ಓಣಿಯವರು ಕೊಟ್ರಪ್ಪನನ್ನು ಕಂಡಾಗಲೆಲ್ಲ ಕರೆದು ಚಹಾ ಕುಡಿಸುತ್ತಿದ್ದರು. ತೊಂದರೆ ಶುರುವಾದದ್ದು ಆ ಚಹಾದಿಂದಲೇ.

ಬಂಕಿನ ನೆಲದಡಿಯ ಟ್ಯಾಂಕು ತೂತುಬಿದ್ದು ಡೀಸೆಲ್ಲು ಅಂತರ್ಜಲಕ್ಕೆ ಸೇರಿ ಎರಡು ವರ್ಷವಾಗಿತ್ತು. ಓಣಿಯಲ್ಲಿ ನಾಲ್ಕು ಕಡೆ ನೆಲ ಕೊರೆದು ಪೈಪು ಇಳಿಸಿದ್ದರು. ದಿನಾ ಎರಡು ಹೊತ್ತು ಪೈಪಿನೊಳಗೆ ಟೇಪು ಬಿಟ್ಟು ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವುದು, ಆಗಾಗ ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಕೊಡುವುದು ಕೊಟ್ರಪ್ಪನ ನೌಕರಿ. ಭಾನುವಾರ ಎಂದು ಅಂತರ್ಜಲಕ್ಕೆ ರಜೆ ಇರುವುದಿಲ್ಲವಾದ್ದರಿಂದ ಅವನಿಗೂ ಇರಲಿಲ್ಲ. ಅದೇ ಓಣಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬನೇ ಇದ್ದ.

ಮೂರು ಪೈಪುಗಳ ನೀರು ಶುದ್ಧವಾಗಿತ್ತು. ಕರೆವ್ವನ ಹಿತ್ತಿಲಿನ ನಾಲ್ಕನೆಯದು ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಏನು ಮಾಡಿದರೂ ಸರಿಹೋಗುತ್ತಿರಲಿಲ್ಲ.

"ನಾಲ್ಕನೇದೂ ಕ್ಲೀನ್ ಬಂತಂದ್ರ ಮರುದಿನಾನ ನಿಮ್ಮನ್ನ ರಾಣೆಬೆನ್ನೂರಿಗೆ ಹಾಕ್ತೇನಿ" ಎಂದು ಹಾವೇರಿಯ ಅಧಿಕಾರಿ ನಿರ್ಮಲಾ ಮೇಡಂ ಮಾತು ಕೊಟ್ಟಿದ್ದರು. ರಾಣೆಬೆನ್ನೂರಿನ ಮಗ್ಗುಲಿನ ಕುಪ್ಪೇಲೂರಿನಲ್ಲಿ ಕೊಟ್ರಪ್ಪನ ಹೆಂಡತಿ ಶಿಲ್ಪಾ ಇದ್ದಳು, ಹಲ್ಲು ಮೂಡುತ್ತಿದ್ದ ಮಗಳಿದ್ದಳು. ಎಂದೋ ಒಮ್ಮೆ ಬರುವ ಅಪ್ಪನನ್ನು ಕಂಡರೆ ಮಗಳು ಸೂಜಿ ಚುಚ್ಚುವ ಡಾಕ್ಟರು ಬಂದರೆಂದು ಕಿರುಚಿ ಅಳುತ್ತಿದ್ದಳು.

ಅವನು ಯೋಚಿಸದೆ ಬಿಟ್ಟ ಸಂಗತಿಯೊಂದಿತ್ತು. ಬಾವಿಗಳು ಕೆಟ್ಟ ದಿನದಿಂದ ಪರಮೇಶಪ್ಪನ ಟ್ಯಾಂಕರು ಸರ್ಕಾರದ ಖರ್ಚಿನಲ್ಲಿ ಓಣಿಗೆ ಸಿಹಿನೀರು ತರುತ್ತಿತ್ತು. ನೀಲಿ ಬಣ್ಣದ ಟ್ಯಾಂಕರು. ಅಲ್ಲಲ್ಲಿ ಬಣ್ಣ ಎದ್ದು ಒಳಗಿನ ಕೆಂಪು ಕಾಣುತ್ತಿತ್ತು. ಡೀಸೆಲ್ಲು ಬೀಳುವ ಮೊದಲೂ ಆ ಬಾವಿಗಳದು ಬೇಳೆ ಬೇಯದ ಸವಳು ನೀರೇ. ನಾಲ್ಕನೇ ಪೈಪು ಶುದ್ಧವಾಯಿತೆಂದರೆ ಟ್ಯಾಂಕರು ನಿಂತಂತೆ. ಕೊಟ್ರಪ್ಪ ಯೋಚಿಸದಿದ್ದರೂ ಓಣಿ ಯೋಚಿಸಿತ್ತು.

ಆವತ್ತು ಮಧ್ಯಾಹ್ನ ಮೇಡಂ ಡೀಸೆಲ್ಲು ಪತ್ತೆಹಚ್ಚುವ ಯಂತ್ರ ಸಮೇತ ಬಂದು ಸ್ಥಳದಲ್ಲೇ ಪರೀಕ್ಷೆ ಮಾಡುವವರಿದ್ದರು. ಬೆಳಿಗ್ಗೆ ನಾಲ್ಕನೇ ಪೈಪಿನ ನೀರು ತೆಗೆದು ಮೂಸಿದರೆ ಕೊಟ್ರಪ್ಪನಿಗೆ ವಾಸನೆಯೇ ಬರಲಿಲ್ಲ. ಸಂತೋಷ ತಡೆಯಲಾಗದೆ ಕರೆವ್ವನಿಗೇ ಹೇಳಿಬಿಟ್ಟ.

"ಯವ್ವಾ, ವಾಸನಿ ಪೂರಾ ಹೋಗೇತಿ!"

"ಹೌದನ?" ಎಂದಳು ಕರೆವ್ವ, ಸಾವಿನ ಸುದ್ದಿ ಕೇಳಿದವಳಂತೆ.

ಸ್ವಲ್ಪ ಹೊತ್ತಿಗೆ ಕಿರಾಣಿ ಅಂಗಡಿಯ ಹಾಲೇಶಪ್ಪ ಕೈಹಿಡಿದು ಎಳೆದೊಯ್ದ. "ಬರ್ರಿ ಸಾಹೇಬ್ರ, ಬಿಸಿ ಮಿರ್ಚಿ, ಮಂಡಕ್ಕಿ, ಚಾ ತಗೊಳ್ರಿ." ಅಲ್ಲಿಂದ ಎದ್ದರೆ ಸೈಕಲ್ ಅಂಗಡಿಯ ನಬಿಸಾಬ ಕಾದು ನಿಂತಿದ್ದ. "ಅವರಲ್ಲಿ ಕುಡಿದು ನಮ್ಮಲ್ಲಿ ಒಲ್ಲೆ ಅಂದ್ರ ಹೆಂಗ್ರಿ?" ಎರಡನೆಯ ಚಹಾ ಮುಗಿಸಿ ಹಿತ್ತಿಲಿಗೆ ಬಂದಾಗ ಪೈಪಿನ ಮುಚ್ಚಳ ತೆರೆದಿತ್ತು. ಕರೆವ್ವ ಅದಕ್ಕೊಂದು ಲಾಳಿಕೆ ಹಚ್ಚಿ ಡಬ್ಬಿಯಿಂದ ಸೀಮೆಎಣ್ಣೆ ಸುರಿಯುತ್ತಿದ್ದಳು.

"ಏನಬೇ ಅದು?"

"ಇರುವಿ ಬಂದಿದ್ವೋ ತಮ್ಮಾ, ಪೈಪಿನ್ಯಾಗ."

"ನಲವತ್ತು ಫೂಟ್ ಕೆಳಗ ಇರುವಿ?"

"ದೊಡ್ಡ ಇರುವಿ."

ಕೊಟ್ರಪ್ಪ ತಲೆಯ ಮೇಲೆ ಕೈಹೊತ್ತು ಕುಕ್ಕರಗಾಲಲ್ಲಿ ಕುಳಿತ. ಕರೆವ್ವನಿಗೆ ಅಯ್ಯೋ ಅನ್ನಿಸಿ ಇದ್ದದ್ದನ್ನು ಹೇಳಿದಳು. "ಮನಿಗೊಂದ ವಾಟಗಾ ಚಿಮಣಿ ಎಣ್ಣಿ ಪಟ್ಟಿ ಎತ್ತೀವಿ. ಗಣಪತಿ ಪಟ್ಟಿಗೂ ಮಂದಿ ಇಷ್ಟು ಲಗೂ ಕೊಟ್ಟಿದ್ದಿಲ್ಲ."

"ನನ್ನ ಮಗಳು ನನ್ನ ಮುಖಾ ನೋಡಿದ್ರ ಅಳ್ತೈತಿ ಯವ್ವಾ."

"ನಮ್ಮ ಬಾವಿ ನೀರಾಗ ಬ್ಯಾಳಿ ಬೇಯಂಗಿಲ್ಲೋ ಯಪ್ಪಾ."

ಇಬ್ಬರದೂ ಸುಳ್ಳಾಗಿರಲಿಲ್ಲ. ಅಷ್ಟರಲ್ಲಿ ಓಣಿಯ ಬಾಯಲ್ಲಿ ಜೀಪಿನ ಹಾರ್ನು ಕೇಳಿಸಿತು. ಕರೆವ್ವ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಡಮ್ಮನ್ನು ನೋಡಲು ಮುಂಬಾಗಿಲಿಗೆ ಓಡಿದಳು. ಹಿತ್ತಿಲಲ್ಲಿ ಕೊಟ್ರಪ್ಪ, ಖಾಲಿ ಬಾಟಲಿ, ಅಡುಗೆಮನೆಯ ಬಾಗಿಲು, ಒಳಗೆ ಸಿಹಿನೀರು ತುಂಬಿದ ತಾಮ್ರದ ಕೊಡ, ಇಷ್ಟೇ ಉಳಿದವು. ಜೀವನದಲ್ಲಿ ಒಮ್ಮೆಯೂ ಸುಳ್ಳು ಲೆಕ್ಕ ಬರೆಯದ ಕೊಟ್ರಪ್ಪ ಮಗಳನ್ನು ನೆನೆದು ಬಾಟಲಿಯನ್ನು ಕೊಡದಲ್ಲಿ ಮುಳುಗಿಸಿದ.

ಮೇಡಂ ಬಂದರು. ಹಿಂದೆಯೇ ಇಡೀ ಓಣಿ ಬಂತು. ಬಾಟಲಿಯ ಬಾಯಿಗೆ ಯಂತ್ರದ ನಳಿಗೆ ಹಿಡಿದದ್ದೇ ತಡ, ಅದು ಬಾಲ ತುಳಿದ ನಾಯಿಯಂತೆ ಕುಯ್ಯೋ ಎಂದು ಅರಚಿಕೊಂಡಿತು. ಮೇಡಂ ಒಮ್ಮೆ ಮೂಸಿ ಮುಖ ಹಿಂಡಿದರು.

"ಡೀಸೆಲ್ಲು, ಕೊಟ್ರಪ್ಪ! ಇದನ್ನ ನೀವ ತುಂಬಿದ್ರಿ ಹೌದಲ್ಲ?"

"ಹೌದ್ರಿ."

"ಇದ ಪೈಪಿನದ ಹೌದಲ್ಲ?"

ಇಲ್ಲವೆಂದರೆ ನೌಕರಿಯೇ ಹೋಗುತ್ತಿತ್ತು. "ಹೌದ್ರಿ" ಎಂದ.

"ಇನ್ನೂ ಎರಡು ವರ್ಷ ನೀವು ಇಲ್ಲೇ ಇರಬೇಕು. ಮತ್ತ ನಾಲ್ಕು ಪೈಪ್ ಹಾಕಸ್ತೇನಿ. ಪಾಪ, ಈ ಮಂದಿಗೆ ದಿನಾ ಇನ್ನೊಂದು ಟ್ಯಾಂಕರ್ ಕಳಸ್ರಿ."

"ಅಯ್ಯ ಪಾಪ" ಎಂದಿತು ಓಣಿ, ನಗು ತಡೆದುಕೊಂಡು.

ಜೀಪು ಹೋದ ಮೇಲೆ ಕೊಟ್ರಪ್ಪ, ಕೊಡದ ನೀರು ತಂದು ಓಣಿಯಲ್ಲೇ ನಿಂತಿದ್ದ ಟ್ಯಾಂಕರಿನ ಹತ್ತಿರ ಹೋಗಿ ಎದ್ದ ಬಣ್ಣವನ್ನು ಉಗುರಿನಿಂದ ಕೆರೆದ. ಕೆಂಪಿನ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಹೊರಬಂದವು: 'ಡೀಸೆಲ್. ಬೆಂಕಿಯಿಂದ ದೂರವಿರಿ.' ಪಕ್ಕದಲ್ಲಿ ಪರಮೇಶಪ್ಪ ಬೀಡಿ ಸೇದುತ್ತಿದ್ದ. "ಅದು ಹಳೇದು ಬಿಡ್ರಿ, ಒಮ್ಮೆ ತೊಳಸೇನಿ" ಎಂದ.

ಕೊಟ್ರಪ್ಪ ಕರೆವ್ವನ ಮನೆಗೆ ಓಡಿದ. "ಯವ್ವಾ, ಟ್ಯಾಂಕರಿನ ನೀರು ಕುಡೀಬ್ಯಾಡ್ರಿ. ಅದರಾಗ ಡೀಸೆಲ್ ಐತಿ!"

"ಟ್ಯಾಂಕರ್ ನಿಲ್ಲಸಾಕ ಹೊಸಾ ಹಂಚಿಕಿ ಹೂಡೀಯೇನೋ?" ಕರೆವ್ವ ಬಾಯ್ತುಂಬ ನಕ್ಕಳು. "ನಿನಗ ಹೆಂಗ ಗೊತ್ತು?"

ಅವಳ ಕೊಡದಲ್ಲೇ ಬಾಟಲಿ ಮುಳುಗಿಸಿದ್ದನ್ನು ಹೇಳುವಂತಿರಲಿಲ್ಲ. ಕರೆವ್ವ ಅವನ ಕೈಗೆ ಚಹಾದ ಕಪ್ಪು-ಬಸಿ ಕೊಟ್ಟಳು. "ಸಿಟ್ಟಾಗಬ್ಯಾಡೋ ತಮ್ಮಾ. ಕುಡಿ, ಸಿಹಿನೀರಿನ ಚಾ."

ಚಹಾದ ಮೇಲೆ ಸಣ್ಣದೊಂದು ಕಾಮನಬಿಲ್ಲು ತೇಲುತ್ತಿತ್ತು. ಕೊಟ್ರಪ್ಪ ಊದಿ ಅದನ್ನು ಬದಿಗೆ ಸರಿಸಿ ಒಂದು ಗುಟುಕು ಕುಡಿದು ನೋಡಿದ. ರುಚಿ ಏನೂ ಬದಲಾಗಿರಲಿಲ್ಲ. ಎರಡು ವರ್ಷದಿಂದ ಅವನು ಕುಡಿಯುತ್ತಿದ್ದದ್ದು ಅದೇ ಚಹಾ.