ರೂಲ್ಸಪ್ಪನೂ ನನ್ನ ಪಿಕಪ್ಪಿನ ಎಫ್‌ಸಿಯೂ

ನನ್ನ ಪಿಕಪ್ಪಿನ ಡೀಸೆಲ್ ಹೊಗೆ ಎಷ್ಟು ಶುದ್ಧವೆಂದರೆ, ಗರುಡನಕಟ್ಟೆಯ ಬಾಣಂತಿಯರು ಕೂಸಿಗೆ ಎರೆದ ಮೇಲೆ ಸಾಂಬ್ರಾಣಿ ಹಾಕುವುದನ್ನೇ ಬಿಟ್ಟು, ಮಗುವನ್ನೆತ್ತಿಕೊಂಡು ಬಂದು ನನ್ನ ಸೈಲೆನ್ಸರಿನ ಹಿಂದೆ ಸಾಲಾಗಿ ಕೂರುತ್ತಿದ್ದರು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ! ಹನ್ನೊಂದು ವರ್ಷದಿಂದ ಮೂವತ್ತು ಊರಿನ ಹಾಲನ್ನು ಒಂದು ತೊಟ್ಟೂ ಚೆಲ್ಲದೆ ಡೈರಿಗೆ ಮುಟ್ಟಿಸಿದ ಗಾಡಿ ಅದು. ಅಂಥ ಗಾಡಿಯನ್ನು ಒಂದು ತೂತು ಬಿದ್ದ ಹಾಲಿನ ಕ್ಯಾನು 'ಅನರ್ಹ' ಎಂದು ಕರೆಯಿತು. ನನ್ನ ಮನೆಯ ಮುಂದೆ! ನನ್ನ ಹೆಂಡತಿಯ ಎದುರಿಗೆ! ಇದನ್ನು ಸಹಿಸಿಕೊಂಡು ನಾನಿನ್ನೂ ಬದುಕಿದ್ದೇನೆಂದರೆ ಅದು ನನ್ನ ದೊಡ್ಡ ಗುಣ.

ಆ ಕ್ಯಾನನ್ನು ಯಂತ್ರ ಮಾಡಿದವನು ನನ್ನ ಬಾಮೈದ ಶಿವನಂಜ. ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಅವನದು. ಜನರ ಮೋಟಾರುಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಇವನು ತಾಮ್ರದ ತಂತಿ ಸುತ್ತಿ ಸುತ್ತಿ ಇನ್ನೇನನ್ನೋ ಹುಟ್ಟಿಸುತ್ತಿರುತ್ತಾನೆ. ಆ ಭಾನುವಾರ ಬೆಳಿಗ್ಗೆ ಮೂರು ಚಕ್ರದ ಮೇಲೆ ಕ್ಯಾನನ್ನು ತಳ್ಳಿಕೊಂಡು ಬಂದ. ಅದಕ್ಕೆ ಬೈಕಿನ ಎರಡು ಹೆಡ್‌ಲೈಟು ಕಣ್ಣು, ಬೋರಿಂಗ್ ಪಂಪಿನ ಹಿಡಿ ಒಂದು ಕೈ, ಆ ಕೈಯಲ್ಲಿ ಕೆಂಪು ಬಣ್ಣದ ಬ್ರಷ್ಷು. ಹೊಟ್ಟೆಯೊಳಗೆ ದೊಡ್ಡ ವಿದ್ಯುತ್ ಅಯಸ್ಕಾಂತ. ಬೆನ್ನಿಗೆ ಫ್ಯಾನಿನ ರೆಗ್ಯುಲೇಟರು.

"ಭಾವ, ಇವ್ನ ಹೆಸ್ರು ರೂಲ್ಸಪ್ಪ. ಗಾಡಿ ಕಾನೂನಿನ ಪುಸ್ತಕ ಪೂರ್ತಿ ಇವ್ನ ಹೊಟ್ಟೇಲಿ ಅದೆ. ನಾಳೆ ಬ್ರೇಕ್ ಇನ್‌ಸ್ಪೆಕ್ಟ್ರು ಏನೇನ್ ಕೇಳ್ತಾರೋ ಇವತ್ತೇ ಹೇಳ್ಬುಡ್ತಾನೆ!"

"ನನ್ ಗಾಡೀಲಿ ಹೇಳಕ್ಕೇನ್ಲಾ ಅದೆ?" ಎಂದು ನಾನು ಒಂದು ಚಿಟಿಕೆ ನಸ್ಯ ಏರಿಸಿದೆ.

ನಾಳೆಯ ವಿಷಯ ಮಾತ್ರ ನಿಜಕ್ಕೂ ಬಿಗಿಯಾಗಿತ್ತು. ಹಳದಿ ಬೋರ್ಡಿನ ಗಾಡಿಗೆ ವಯಸ್ಸಾದ ಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು, ಅಂದರೆ ಈ ಗಾಡಿ ರಸ್ತೆಗೆ ಲಾಯಕ್ಕು ಎಂಬ ಸರ್ಟಿಫಿಕೇಟು. ನನ್ನದು ಸೋಮವಾರಕ್ಕೆ ಮುಗಿಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಗಾಡಿ ಹೊರಡದಿದ್ದರೆ ಹಾಲಿನ ರೂಟನ್ನು ಪಕ್ಕದ ಮನೆಯ ಹೊಂಬಾಳಯ್ಯನಿಗೆ ಕೊಡುತ್ತೇವೆಂದು ಡೈರಿಯವರು ಹೇಳಿಬಿಟ್ಟಿದ್ದರು.

ರೂಲ್ಸಪ್ಪ ಗುಡುಗುಡು ಎಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಆಮೇಲೆ ತಾಲ್ಲೂಕು ಕಚೇರಿಯ ನೋಟೀಸಿಗೆ ಬಾಯಿ ಬಂದ ಹಾಗೆ ಮಾತಾಡತೊಡಗಿತು.

"ಮುಂಬದಿಯ ಸಂಖ್ಯಾಫಲಕವನ್ನು ನಿಂಬೆಹಣ್ಣು ಒಂದು, ಹಸಿಮೆಣಸಿನಕಾಯಿ ಏಳು ಮರೆಮಾಡಿರುತ್ತವೆ. ಅನರ್ಹ. ಹಿಂಬದಿಯ ಕೆಂಪು ದೀಪದ ಮೇಲೆ ಕೂದಲಿನ ಜಡೆ ನೇತಾಡುತ್ತಿರುತ್ತದೆ. ಅನರ್ಹ. ವೈಪರ್ ಬದಲಿಗೆ ಹರಿದ ಬನಿಯನ್ ಕಟ್ಟಲಾಗಿರುತ್ತದೆ..."

"ಏಯ್! ಜಡೆ ದೃಷ್ಟಿಗೆ ಕಟ್ಟಿರೋದು ಕಣಯ್ಯ!"

"ದೃಷ್ಟಿಗೆ ಅಡ್ಡಿ ಎಂದು ನಮೂದಿಸಲಾಗಿದೆ."

ನನ್ನ ಹೆಂಡತಿ ಸಾಕಮ್ಮ ಜಗುಲಿಯ ಮೇಲೆ ಸೊಪ್ಪು ಸೋಸುತ್ತಾ ಕಿಸಕ್ಕನೆ ನಕ್ಕಳು. ಕ್ಯಾನು ನಲವತ್ತೊಂದು ತಪ್ಪು ಓದಿತು. ಓದಿ ಮುಗಿಸುವಷ್ಟರಲ್ಲಿ ಅವಳ ಸೊಪ್ಪು ಬೆಂದು ಸಾರೂ ಆಗಿತ್ತು!

"ಭಾವ, ಬೇಜಾರಾಗ್ಬ್ಯಾಡ. ಇವತ್ತೇ ಒಂದೊಂದಾಗಿ ರಿಪೇರಿ ಮಾಡ್ಬುಡಾನ."

"ರಿಪೇರಿನಾ! ಲೇ ಶಿವನಂಜ, ನಮ್ ಬೀದೀಲಿ ಯಾರ್ಲಾ ಎಫ್‌ಸಿಗೆ ರಿಪೇರಿ ಮಾಡ್ಸವ್ರೆ? ಎಫ್‌ಸಿ ಸೆಟ್ಟು ಇರೋದ್ ಯಾತಕ್ಕೆ?"

ಎಫ್‌ಸಿ ಸೆಟ್ಟು ಎಂದರೆ ನಮ್ಮ ಸಂತೆಬೀದಿಯ ಆರು ಪಿಕಪ್ಪುಗಳ ಪೂರ್ವಿಕರು ಬುದ್ಧಿ ಖರ್ಚುಮಾಡಿ ಮಾಡಿಟ್ಟ ಆಸ್ತಿ. ಹೊಸದಾಗಿ ಮಿರಮಿರ ಮಿಂಚುವ ನಾಲ್ಕು ಟೈರು, ಒಂದು ಜೊತೆ ವೈಪರು, ಒಂದು ಹಾರನ್ನು, ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರು, ಯಾರೂ ಮುಚ್ಚಳ ತೆಗೆಯದ ಒಂದು ಔಷಧಿ ಪೆಟ್ಟಿಗೆ. ಯಾರ ಗಾಡಿಯ ಎಫ್‌ಸಿಯೋ ಅವರು ಆ ದಿನಕ್ಕೆ ಹಾಕಿಕೊಳ್ಳುವುದು, ಸಂಜೆಗೆ ಬಿಚ್ಚಿ ಹೊಂಬಾಳಯ್ಯನ ಕೊಟ್ಟಿಗೆಯಲ್ಲಿ ಇಡುವುದು. ಮದುವೆಗೆ ಪಕ್ಕದ ಮನೆಯ ಸರ ಹಾಕಿಕೊಂಡು ಹೋಗುವುದಿಲ್ಲವೆ? ಇದೂ ಹಾಗೆಯೇ. ಇದರಲ್ಲಿ ತಪ್ಪೇನು, ನೀವೇ ಹೇಳಿ!

ಮಧ್ಯಾಹ್ನದ ಹೊತ್ತಿಗೆ ಸೆಟ್ಟನ್ನು ತಂದು ಗಾಡಿಗೆ ತೊಡಿಸಿದೆ. ಒಬ್ಬನೇ, ಜಾಕಿಲ್ಲದೆ, ಎಡಗೈಯಲ್ಲಿ ಗಾಡಿ ಎತ್ತಿ ಹಿಡಿದು ಬಲಗೈಯಲ್ಲಿ ಬೋಲ್ಟು ಬಿಗಿದೆ. ಗಾಡಿ ಮದುಮಗನಂತೆ ನಿಂತಿತ್ತು.

ರೂಲ್ಸಪ್ಪ ಬಂದು ಟೈರಿಗೆ ಮೂತಿ ಹಚ್ಚಿ ಮೂಸಿತು.

"ಈ ಚಕ್ರಗಳಲ್ಲಿ ಆರು ವಾಹನಗಳ ವಾಸನೆ ಇರುತ್ತದೆ. ಸದರಿ ಚಕ್ರಗಳು ಈ ವಾಹನದ ಸ್ವಂತದವಲ್ಲ. ಅನರ್ಹ."

"ಥೂ, ನಾಯಿಬುದ್ಧಿ ಕ್ಯಾನೆ!"

"ಅದು ಸರಿಯಾಗೇ ಹೇಳ್ತಾ ಅದೆ ಬುಡಿ," ಎಂದಳು ಸಾಕಮ್ಮ. "ಟೈರು ಇಸ್ಕೊಂಡ್ರಿ ಸರಿ. ಬ್ರೇಕು ಯಾರ್ದನ್ನ ಇಸ್ಕೊತೀರಿ? ಹೋದ ತಿಂಗ್ಳು ಕೆರೆ ಏರಿ ಮೇಲಿಂದ ಜಾರಿ ಹುಲ್ಲಿನ ಮೆದೆಗೆ ನುಗ್ಲಿಲ್ವ?"

"ಅದು ನಾನೇ ಬೇಕೂಂತ ನುಗ್ಸಿದ್ದು ಕಣೆ! ಮೆದೆ ಹಿಂದೆ ಹಾವಿತ್ತು!"

ಶಿವನಂಜ ಮುದ್ದೆ ಉಣ್ಣಲು ಒಳಗೆ ಹೋದ. ಹೋಗುವಾಗ, "ಭಾವ, ರೆಗ್ಯುಲೇಟ್ರು ಎರಡ್ರಲ್ಲಿ ಅದೆ. ಮುಟ್ಟಬ್ಯಾಡ," ಎಂದ. ಮುಟ್ಟಲು ನನಗೇನು ಬೇರೆ ಕೆಲಸವಿಲ್ಲವೆ? ನಾನು ಎಳೆಗರುವಿನಷ್ಟು ಸಾಧುವಾಗಿ ಕಲ್ಲುಚಪ್ಪಡಿಯ ಮೇಲೆ ಕೂತು ನಸ್ಯ ಸೇದುತ್ತಿದ್ದೆ. ಇದ್ದಕ್ಕಿದ್ದಂತೆ ಆ ಯಂತ್ರಕ್ಕೆ ತಾನಾಗಿಯೇ, ಗಮನಿಸಿ, ತಾನಾಗಿಯೇ, ಹುಚ್ಚು ಹಿಡಿಯಿತು!

ಕಣ್ಣೆರಡೂ ಧಗ್ಗೆಂದು ಉರಿದವು. ಕ್ಯಾನು ನೇರವಾಗಿ ಅಡುಗೆಮನೆಗೆ ನುಗ್ಗಿತು. ಒಲೆಯ ಮೇಲೆ ಕುಕ್ಕರು ಸೀಟಿ ಹಾಕಿತ್ತು.

"ಜನವಸತಿ ಪ್ರದೇಶದಲ್ಲಿ ಕರ್ಕಶ ಹಾರನ್! ಚಾಲಕನಿರುವುದಿಲ್ಲ! ಅನರ್ಹ!" ಎಂದು ಕುಕ್ಕರಿನ ಹೊಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಬರೆದೇಬಿಟ್ಟಿತು.

"ಅಯ್ಯಯ್ಯೋ! ನಮ್ಮವ್ವ ಕೊಟ್ಟ ಕುಕ್ಕರು!" ಎಂದು ಸಾಕಮ್ಮ ಮುದ್ದೆಕೋಲು ಎತ್ತಿದಳು.

ಕ್ಯಾನು ಬಚ್ಚಲಿಗೆ ಓಡಿತು. ಅಲ್ಲಿ ಹಂಡೆಯ ಒಲೆ ಹೊಗೆಯಾಡುತ್ತಿತ್ತು. "ಹೊಗೆ ಮಿತಿ ಮೀರಿರುತ್ತದೆ! ಸ್ಥಳದಲ್ಲೇ ಜಪ್ತಿ!" ಎಂದು ಬಿಸಿನೀರನ್ನೆಲ್ಲ ಒಲೆಗೆ ಸುರಿಯಿತು. ಅಲ್ಲಿಂದ ಬೀದಿಗೆ ಬಂದು ಹೊಂಬಾಳಯ್ಯನ ಎಮ್ಮೆಗೆ ಹಿಂಬದಿ ದೀಪವಿಲ್ಲವೆಂದು ಎಮ್ಮೆಯ ಬೆನ್ನಿಗೂ ಬರೆಯಿತು. ಹೊಂಬಾಳಯ್ಯ ಲುಂಗಿ ಎತ್ತಿ ಕಟ್ಟಿಕೊಂಡು, "ಯಾವನ್ಲಾ ನಮ್ಮೆಮ್ಮೆ ಫೇಲ್ ಮಾಡ್ದೋನು?" ಎಂದು ಕೂಗಾಡಿದ. ಇಷ್ಟೂ ಅನ್ಯಾಯಕ್ಕೆ ಜನ ನನ್ನನ್ನೇ ದುರುಗುಟ್ಟಿ ನೋಡಿದರು. ನನ್ನನ್ನೇಕೆ ನೋಡಬೇಕು? ನಾನೇನು ಮಾಡಿದ್ದೆ?

ಕೊನೆಗೆ ಕ್ಯಾನು ಬಂದು ನನ್ನ ಪಿಕಪ್ಪಿನ ಹಿಂದಕ್ಕೆ ಟಣ್ ಎಂದು ಅಂಟಿಕೊಂಡಿತು. ಎಳೆದೆವು, ಬರಲಿಲ್ಲ. ಹಗ್ಗ ಕಟ್ಟಿ ಎಮ್ಮೆಯಿಂದ ಎಳೆಸಿದೆವು, ಎಮ್ಮೆಯೇ ಹಿಂದಕ್ಕೆ ಬಂತು!

"ಅಯಸ್ಕಾಂತ ಪೂರ್ತಿ ಜೋರಲ್ಲಿ ಅದೆ ಭಾವ," ಎಂದು ಶಿವನಂಜ ತಲೆ ಕೆರೆದುಕೊಂಡ. "ಬೆನ್ನು ಗಾಡಿಗೆ ಅಂಟ್ಕೊಂಡು ರೆಗ್ಯುಲೇಟ್ರೂ ಕೈಗೆ ಸಿಕ್ತಿಲ್ಲ. ಬ್ಯಾಟ್ರಿ ಇಳಿಯೋಗಂಟ ಬುಡಾಕಿಲ್ಲ ಇದು."

ಹೀಗೆ ಸೋಮವಾರ ಬೆಳಿಗ್ಗೆ ನಾನು, ಶಿವನಂಜ, ಸಾಕ್ಷಿಗಿರಲೆಂದು ಹತ್ತಿಕೊಂಡ ಸಾಕಮ್ಮ, ಬಾಲಕ್ಕೆ ರೂಲ್ಸಪ್ಪ, ಇಷ್ಟು ಮಂದಿ ಆರ್‌ಟಿಒ ಮೈದಾನಕ್ಕೆ ಹೋದೆವು. ದಾರಿಯುದ್ದಕ್ಕೂ ಕ್ಯಾನು, "ಹಿಂಬಾಲಿಸಬೇಡಿ! ಈ ವಾಹನ ಅನರ್ಹ!" ಎಂದು ಕೂಗುತ್ತಲೇ ಇತ್ತು.

ಬ್ರೇಕ್ ಇನ್‌ಸ್ಪೆಕ್ಟರು ಆ ತಿಂಗಳಷ್ಟೇ ಬಂದ ಹೊಸಬರು, ಒಬ್ಬ ಮೇಡಮ್ಮು. ಅವರು ಬಾಯಿ ತೆರೆಯುವ ಮೊದಲೇ ಕ್ಯಾನು ಅವರ ಜೀಪಿನ ಕಡೆ ಕಣ್ಣು ಬಿಟ್ಟು, "ಸರ್ಕಾರಿ ವಾಹನ! ಎಡಬದಿಯ ಬ್ರೇಕ್ ದೀಪ ಉರಿಯುವುದಿಲ್ಲ! ಅನರ್ಹ!" ಎಂದಿತು.

ಈಗ ಸಿಕ್ಕಿಬಿತ್ತು ನೋಡು ಎಂದು ನಾನು ಕೈ ತಿಕ್ಕಿಕೊಂಡೆ. ಮೇಡಮ್ಮು ಹೋಗಿ ನೋಡಿ, "ಹೌದಲ್ಲ," ಎಂದು ಡ್ರೈವರನ್ನು ಕರೆದು ಬಲ್ಬು ಹಾಕಲು ಹೇಳಿ ವಾಪಸು ಬಂದರು. ಅಷ್ಟೇ! ಜಗಳವಿಲ್ಲ, ಗದ್ದಲವಿಲ್ಲ. ಇಂಥವರ ಜೊತೆ ಹೇಗೆ ಬಾಳುವುದು?

"ಹೊಗೆ ಆಮೇಲೆ ನೋಡೋಣ. ಮೊದಲು ಗಾಡಿ ಓಡಿಸ್ಕೊಂಡು ಬಂದು ಆ ಸುಣ್ಣದ ಗೆರೆ ಮೇಲೆ ನಿಲ್ಸಿ," ಎಂದರು.

ನಾನು ಒಂದು ಸುತ್ತು ಹೊಡೆದು ಶರವೇಗದಲ್ಲಿ ಬಂದೆ. ಗೆರೆ ಬಂತು. ಬ್ರೇಕು ಒತ್ತಿದೆ. ಬ್ರೇಕು ನನ್ನ ಕಾಲಿನ ಜೊತೆ ಕೆಳಗೆ ಹೋಯಿತು, ಗಾಡಿ ಅದರ ಪಾಡಿಗೆ ಮುಂದೆ ಹೋಗತೊಡಗಿತು. ಮುಂದೆ ಮೇಡಮ್ಮು! ಅವರ ಹಿಂದೆ ಟೀ ಅಂಗಡಿ! ಸಾಕಮ್ಮ ನನ್ನ ತೋಳು ಹಿಡಿದು, "ನಿಲ್ಸ್ರೀ!" ಎಂದು ಚೀರಿದಳು.

ಆಗ ಹಿಂದಿನಿಂದ ಮೋಟಾರು ಮೊರೆದ ಸದ್ದು ಬಂತು. ಗೆರೆಯ ಪಕ್ಕದ ಕಬ್ಬಿಣದ ಗೇಟಿಗೆ ರೂಲ್ಸಪ್ಪ ಕೈಚಾಚಿ ಅಂಟಿಕೊಂಡಿತ್ತು. ಗಾಡಿ ಗೂಟಕ್ಕೆ ಕಟ್ಟಿದ ಹೋರಿಯಂತೆ ಜಗ್ಗಿ, ಗೆರೆಯ ಮೇಲೆ ನಿಂತಿತು. ಮೈದಾನದಲ್ಲಿದ್ದ ಪಾನಾ, ಬೀಗದಕೈ, ಟೀ ಅಂಗಡಿಯ ಸಾಣಿಗೆ, ಯಾರದೋ ಊಟದ ಡಬ್ಬಿ, ಎಲ್ಲವೂ ಹಾರಿಬಂದು ಕ್ಯಾನಿಗೆ ಮೆತ್ತಿಕೊಂಡವು. ಸಣ್ಣ ಹುತ್ತದಂತೆ ಕಾಣುತ್ತಿತ್ತು.

ನಾನು ಬೆವರು ಒರೆಸಿಕೊಂಡು ಗತ್ತಿನಿಂದ ಇಳಿದೆ. "ನೋಡುದ್ರಾ ಮೇಡಮ್ಮಾರೆ, ಬ್ರೇಕು ಅಂದ್ರೆ ಇದು! ಗೆರೆ ಮೇಲೆ ನೂಲು ಹಿಡ್ದಂಗೆ!"

ಹುತ್ತದೊಳಗಿಂದ ದನಿ ಬಂತು: "ಚಕ್ರಗಳು ಸಂತೆಬೀದಿಯ ಆರು ವಾಹನಗಳಿಗೆ ಸೇರಿರುತ್ತವೆ. ಈ ವಾಹನಕ್ಕೆ ಬ್ರೇಕ್ ಇರುವುದಿಲ್ಲ. ನಾನು ಹಿಡಿದುಕೊಂಡಿರುತ್ತೇನೆ."

ಅಷ್ಟು ಹೇಳುವಷ್ಟರಲ್ಲಿ ಕ್ಯಾನಿನ ಬ್ಯಾಟರಿ ಇಳಿಯಿತು. ಪಾನಾ, ಸಾಣಿಗೆಗಳು ಬಳಬಳ ಉದುರಿದವು. ಶಿವನಂಜ ಓಡಿಹೋಗಿ ಅದರ ಬೆನ್ನು ತಿರುಗಿಸಿ ನೋಡಿದ. ರೆಗ್ಯುಲೇಟರು ಐದರಲ್ಲಿತ್ತು. ಅದರ ಮೇಲೆ ಕಂದುಬಣ್ಣದ ಎರಡು ಬೆರಳಿನ ಗುರುತು.

"ಭಾವ," ಎಂದ ಮೆಲ್ಲಗೆ. "ಇಲ್ಲಿ ನಸ್ಯ ಅದೆ."

ಸಾಕಮ್ಮ ನನ್ನ ಬೆರಳು ನೋಡಿದಳು. ಮೇಡಮ್ಮು ನನ್ನ ಮೂಗು ನೋಡಿದರು.

ಹೌದು, ಸ್ವಾಮಿ. ನಾನೇ ತಿರುಗಿಸಿದ್ದು. ಫ್ಯಾನು ಐದರಲ್ಲಿಟ್ಟರೆ ಜೋರಾಗಿ ತಿರುಗುತ್ತದಲ್ಲ, ಹಾಗೆಯೇ ಇದೂ ಜೋರಾಗಿ ಪಾಸು ಮಾಡುತ್ತದೆ ಅಂದುಕೊಂಡೆ. ಐದು ಎಂದರೆ ಕಟ್ಟುನಿಟ್ಟು ಎಂದು ನನಗೆ ಹೇಗೆ ಗೊತ್ತಾಗಬೇಕು? ಇನ್ನು ಮೆದೆಯ ಹಿಂದೆ ಹಾವಿರಲಿಲ್ಲ. ಬ್ರೇಕು ಸತ್ತು ಎರಡು ತಿಂಗಳಾಗಿತ್ತು. ಟೈರು ಬಿಗಿದದ್ದೂ ನಾನಲ್ಲ, ಶಿವನಂಜ. ಅದೂ ಜಾಕಿ ಇಟ್ಟೇ.

"ಬ್ರೇಕು, ಟೈರು ಎರಡನ್ನೂ ನಿಮ್ಮದೇ ಹಾಕಿಸಿ. ಗುರುವಾರ ಬನ್ನಿ," ಎಂದರು ಮೇಡಮ್ಮು. "ಆ ಕ್ಯಾನನ್ನೂ ಕರ್ಕೊಂಡು ಬನ್ನಿ. ಎರಡರಲ್ಲಿಟ್ಟು."

ಎಫ್‌ಸಿ ಸೆಟ್ಟಿನ ಗುಟ್ಟು ಒಡೆದದ್ದರಿಂದ ಹೊಂಬಾಳಯ್ಯನ ಗಾಡಿಯೂ ಕೊಟ್ಟಿಗೆ ಸೇರಿತು, ರೂಟು ಅವನಿಗೂ ದಕ್ಕಲಿಲ್ಲ. ಗುರುವಾರದ ತನಕ ಮಾವನ ಎತ್ತಿನಗಾಡಿಯಲ್ಲಿ ನಾನೇ ಹಾಲು ಸಾಗಿಸಿದೆ. ರೂಟು ಉಳಿಯಿತು. ಮೂವತ್ತು ಊರಿನ ಹಾಲು ಎತ್ತಿನಗಾಡಿಯಲ್ಲಿ ಹೇಗೆ ಎನ್ನುತ್ತೀರಾ? ಸರಿ, ಮೂರು ಊರು.

ಬಾಣಂತಿಯರ ವಿಷಯವನ್ನೂ ಹೇಳಿಬಿಡುತ್ತೇನೆ, ಸಾಕಮ್ಮ ಪಕ್ಕದಲ್ಲೇ ನಿಂತು ಓದುತ್ತಿದ್ದಾಳೆ. ನನ್ನ ಗಾಡಿಯ ಹೊಗೆಗಾಗಿ ಕಾಯುತ್ತಿದ್ದವರು ಅವರಲ್ಲ. ಪಂಚಾಯಿತಿಯವರು. ಅವರ ಸೊಳ್ಳೆ ಓಡಿಸುವ ಯಂತ್ರ ಕೆಟ್ಟಾಗಲೆಲ್ಲ ಚರಂಡಿ ಪಕ್ಕ ಒಂದು ಸುತ್ತು ಹೊಡೆಯಲು ನನ್ನನ್ನೇ ಕರೆಯುತ್ತಿದ್ದರು.