ಬ್ರೇಕಿಗೆ ಬೂತಾಯಿ ಎಣ್ಣೆ

ಬಿಚ್ಚಿ ನೋಡಿದರೆ ಅರ್ಥವಾಗದ ಯಂತ್ರ ಈ ಲೋಕದಲ್ಲಿ ಇಲ್ಲ. ಇದು ನನ್ನ ಸಿದ್ಧಾಂತ. ಓದಿದ್ದು ಮೂರನೇ ಕ್ಲಾಸಾದರೂ, ನಲವತ್ತು ವರ್ಷ ಬೋಟಿನ ಇಂಜಿನ್ನಿಗೆ ಕಿವಿಕೊಟ್ಟು, ಅದಕ್ಕೆ ಕೆಮ್ಮು ಬಂದರೂ ನೆಗಡಿ ಬಂದರೂ ನಡುಗಡಲಲ್ಲೇ ಮದ್ದು ಮಾಡಿದವನು ನಾನು. ಮನೆಯ ಮಿಕ್ಸಿ, ಗಡಿಯಾರ, ಹೆಂಡತಿ ಗುಲಾಬಿಯ ಟಾರ್ಚು, ಎಲ್ಲದರ ಹೊಟ್ಟೆಯೊಳಗೂ ಇಣುಕಿದ್ದೇನೆ. ಮರಳಿ ಜೋಡಿಸುವಾಗ ಒಂದೆರಡು ಸ್ಕ್ರೂ ಉಳಿಯುವುದುಂಟು. ಅದು ಕಂಪೆನಿಯವರು ಹೆಚ್ಚಿಗೆ ಹಾಕಿದ್ದು!

ಇಂಥ ನನಗೆ ಮೊಮ್ಮಗಳು ಹುಟ್ಟಿದಳು. ಸುದ್ದಿ ಬಂದ ದಿನ ನಮ್ಮೂರು ಬೀಜಾಡಿಯ ಕಡಲ ತೀರದಲ್ಲಿ ಕಂಡಕಂಡವರಿಗೆಲ್ಲ ಲಡ್ಡು ಹಂಚಿದೆ. ಊರು ನೋಡಲು ಬಂದ ಅಪರಿಚಿತರಿಗೂ ಬಿಡಲಿಲ್ಲ. ಮನೆಗೆ ಬಂದು ಪೊಟ್ಟಣ ನೋಡಿದರೆ ಗುಲಾಬಿಗೇ ಒಂದೂ ಇಲ್ಲ!

ಸೊಸೆ ಬಾಣಂತನಕ್ಕೆ ಬಿಜೂರಿನ ತವರಿನಲ್ಲಿದ್ದಳು. ಮೂರು ತಿಂಗಳು ಕಳೆದು, ಬರುವ ಭಾನುವಾರ ತಾಯಿ ಮಗು ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಯಿತು. ಮಗ ಬೋಟಿನಲ್ಲಿದ್ದ. ಹಾಗಾಗಿ ಕರೆತರುವ ಭಾಗ್ಯ ನನ್ನದು ಮತ್ತು ನನ್ನ ಹಳೆಯ ವ್ಯಾನಿನದು.

ವ್ಯಾನಿನ ವಿಷಯ ಮುಚ್ಚಿಡುವುದಿಲ್ಲ. ರಸ್ತೆಯಲ್ಲಿ ಹಂಪು ಬಂದರೆ ಹಿಂದೆ ಕೂತವರ ತಲೆ ಚಾವಣಿಗೆ ಬಡಿಯುತ್ತಿತ್ತು. ಬ್ರೇಕು ಒತ್ತಿದರೆ ಹಂದಿ ಕೂಗಿದಂತೆ ಕೂಗುತ್ತಿತ್ತು. ಗುಲಾಬಿ ಸೊಂಟಕ್ಕೆ ಕೈಯಿಟ್ಟು ತೀರ್ಪು ಕೊಟ್ಟಳು.

"ಈ ಡಬ್ಬಿಯೊಳ್ಗೆ ನನ್ ಮೊಮ್ಮಗಳ್ನ ಕೂರ್ಸುಕಿಲ್ಲೆ! ಬೀಗರ್ ಅವ್ರ್ ಕಾರಲ್ಲೇ ಕಳ್ಸ್ತ್ರ್ ಅಂಬ್ರ್. ಸುಮ್ನ್ ಒಪ್ಕಣಿ."

ನನ್ನ ಮೊಮ್ಮಗಳು ಮೊದಲ ಸಲ ನನ್ನ ಮನೆಗೆ ಬರುವುದು ಬೀಗರ ಕಾರಿನಲ್ಲಿಯೇ? ಕೂಡದು!

ಮರುದಿನವೇ ಕುಂದಾಪುರಕ್ಕೆ ಹೋಗಿ ಮುಂದಿನ ಚಕ್ರಗಳಿಗೆ ಬ್ರೇಕ್ ಪ್ಯಾಡು, ಹಿಂದಿನವಕ್ಕೆ ಕುಲುಕಾಟ ತಡೆಯುವ ಎರಡು ಶಾಕ್ ಅಬ್ಸಾರ್ಬರು, ನಮ್ಮ ಬಾಯಲ್ಲಿ ಶಾಕು, ತಂದೆ. ಮಗು ಕೂರುವುದು ಹಿಂದೆ ತಾನೇ? ಅಂಗಡಿಯವನು ಕೊಡುವಾಗ ಒಂದು ಮಾತು ಹೇಳಿದ.

"ಅಜ್ಜ, ಹೊಸ ಪ್ಯಾಡ್ ಹಾಕದ್ ಕೂಡ್ಲೇ ಸಮ ಹಿಡೀತಿಲ್ಲೆ. ಹತ್ತಿಪ್ಪತ್ ಸಲ ಓಡ್ಸಿ, ಮೆಲ್ಲ ಬ್ರೇಕ್ ಒತ್ತಿ ಪಳಗ್ಸ್ಕ್."

"ಪಳಗ್ಸುದ್ ನಂಗೆ ಕಲಿಸ್ತ್ಯಾ ಮಾರಾಯ?" ಎಂದು ನಕ್ಕು ಬಂದೆ.

ಶಾಕು ಎಂಬುದು ಬಹಳ ಕುತೂಹಲದ ವಸ್ತು. ಹೊಸದನ್ನು ನೆಲಕ್ಕೆ ಒತ್ತಿದೆ. ಉಸಿರು ಬಿಟ್ಟಂತೆ ಮೆಲ್ಲನೆ ಮೇಲೆ ಬಂತು. ಮತ್ತೆ ಒತ್ತಿದೆ. ಮತ್ತೆ ಬಂತು! ಒಳಗೆ ಯಾರು ಕೂತು ದೂಡುತ್ತಿದ್ದಾರೆ? ಗಾಳಿಯೋ, ಎಣ್ಣೆಯೋ? ಬಿಚ್ಚಿ ನೋಡಲು ಕೈ ತುರಿಸಿತು.

"ಊಟಕ್ ಬತ್ರ್ಯಾ, ಅದ್ನೇ ಒತ್ಕಂಡ್ ಕೂಕಂತ್ರ್ಯಾ?" ಒಳಗಿಂದ ಗುಲಾಬಿಯ ಕೂಗು.

ಸಂಜೆಯೊಳಗೆ ಶಾಕು ಎರಡೂ ಕೂತವು. ಪ್ಯಾಡುಗಳೂ ಕೂತವು. ಉಳಿದದ್ದು ಪಳಗಿಸುವ ಕೆಲಸ. ಮುಂದಿನ ಚಕ್ರದ ಒಳಬದಿಯಲ್ಲಿ ಪ್ಯಾಡು ಕಚ್ಚಿ ಹಿಡಿಯುವ ಬ್ರೇಕಿನ ಬಿಲ್ಲೆಯನ್ನು ಮುಟ್ಟಿ ನೋಡಿದೆ. ಒಣಗಿ ಬಿಕೋ ಎನ್ನುತ್ತಿದೆ! ತೊಟ್ಟು ಎಣ್ಣೆ ಕಾಣದ ಯಂತ್ರವನ್ನು ನಾನು ಜನ್ಮದಲ್ಲೇ ಕಂಡವನಲ್ಲ. ನಮ್ಮಲ್ಲಿ ಹೊಸ ಮರದ ದೋಣಿಯನ್ನು ಕಡಲಿಗೆ ಇಳಿಸುವ ಮುಂಚೆ ಬೂತಾಯಿ ಮೀನಿನ ಎಣ್ಣೆ ಬಳಿದು ಬಳಿದು ಉಣಿಸುತ್ತೇವೆ. ಆಮೇಲೆ ಉಪ್ಪುನೀರು ಏನೂ ಮಾಡದು. ದೋಣಿಗೆ ಒಳ್ಳೆಯದಾದದ್ದು ಬ್ರೇಕಿಗೆ ಕೆಟ್ಟದಾದೀತೇ? ಕೊಟ್ಟಿಗೆಯಲ್ಲಿದ್ದ ಹಳೆಯ ಕ್ಯಾನು ತಂದು, ಬಟ್ಟೆ ಅದ್ದಿ, ಎರಡೂ ಕಡೆ ಧಾರಾಳವಾಗಿ ಬಳಿದೆ. ಪ್ಯಾಡಿಗೂ ಕುಡಿಸಿದೆ.

ದೋಣಿಗೆ ಬ್ರೇಕೇ ಇರುವುದಿಲ್ಲ ಎಂಬ ಸಣ್ಣ ಸಂಗತಿ ಆಗ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಪರೀಕ್ಷೆ. ಮಗುವಿನ ತೂಕ ಐದೂವರೆ ಕೆಜಿ ಎಂದು ಸೊಸೆ ಹೇಳಿದ್ದಳು. ಗಾಡಿಯ ದೃಷ್ಟಿ ತೆಗೆದು ಒಡೆಯಲೆಂದು ತಂದಿದ್ದ ಬೂದುಗುಂಬಳವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಗುಲಾಬಿಯ ಮಡಿಲಿಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂರಿಸಿದೆ.

"ಕುಲುಕಿದ್ರೆ ಹೇಳ್."

"ಮಗಿನ್ ಕುತ್ಗಿ ಎಲ್ಲಿತ್ತ್?" ಅವಳೂ ಗಂಭೀರವಾಗಿಯೇ ಕೇಳಿದಳು.

ಕಡಲ ಕಡೆಗೆ ಹೋಗುವ ದಾರಿಯಲ್ಲಿ ಹೊರಟೆವು. ಶಾಕು ಅದ್ಭುತ! ಗುಂಡಿಗೆ ಇಳಿದದ್ದೇ ಗೊತ್ತಾಗಲಿಲ್ಲ. ಮೊದಲ ಸಲ ಬ್ರೇಕು ಒತ್ತಿದೆ. ಗಾಡಿ ಹತ್ತು ಮಾರು ಮುಂದೆ ಹೋಗಿ ನಿಂತಿತು. ಇನ್ನೂ ಪಳಗಿಲ್ಲ ಎಂದುಕೊಂಡೆ. ಎರಡನೇ ಸಲ ಹದಿನೈದು ಮಾರು. ಐದನೇ ಸಲಕ್ಕೆ ಚಕ್ರದಿಂದ ಹೊಗೆ ಎದ್ದಿತು. ಏಳನೇ ಸಲಕ್ಕೆ ಘಮ್ಮೆಂದು ಬೂತಾಯಿ ಹುರಿದ ಪರಿಮಳ!

"ಯಾರ್ ಮನೇಲಿ ಇಷ್ಟ್ ಬೆಳಿಗ್ಗೆ ಮೀನ್ ಹುರೂದ್?" ಗುಲಾಬಿ ಮೂಗರಳಿಸಿದಳು.

ಕನ್ನಡಿಯಲ್ಲಿ ನೋಡಿದೆ. ಹಿಂದೆ ಎರಡು ಬೆಕ್ಕು. ಮತ್ತೊಮ್ಮೆ ನೋಡಿದಾಗ ಐದು. ಮಂತ್ರಿಯ ಕಾರಿನ ಹಿಂದೆಯೂ ಅಷ್ಟು ಭಕ್ತಿಯಿಂದ ಯಾರೂ ಓಡಲಿಕ್ಕಿಲ್ಲ.

ಒಂಬತ್ತನೇ ಸಲಕ್ಕೆ ಇಳಿಜಾರು ಬಂತು. ಒತ್ತಿದೆ. ನಿಲ್ಲಲಿಲ್ಲ. ಎರಡೂ ಕಾಲಲ್ಲಿ ಒತ್ತಿದೆ. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಹೋಗುತ್ತಲೇ ಇತ್ತು!

"ನಿಲ್ಸಿ ಮರಾಯ್ರೇ!"

"ನಿಲ್ತಿಲ್ಲೆ ಹೆಣೆ!"

ಬೋಟಾಗಿದ್ದರೆ ಇಂಜಿನ್ನು ಹಿಮ್ಮುಖ ತಿರುಗಿಸುತ್ತಿದ್ದೆ. ಹ್ಯಾಂಡ್ ಬ್ರೇಕು ಎಂಬುದೊಂದು ಇದೆ ಎಂದು ನೆನಪಾಗಿ ಎಳೆಯುವಷ್ಟರಲ್ಲಿ, ದಾರಿಯ ತುದಿಯಲ್ಲಿ ಒಣಗಲು ರಾಶಿ ಹಾಕಿದ್ದ ಬಲೆಯೊಳಗೆ ವ್ಯಾನು ಮೂತಿ ತೂರಿಸಿ, ಬುಸ್ಸೆಂದು ನಿಂತಿತು. ನಲವತ್ತು ವರ್ಷ ಬಲೆ ಬೀಸಿದವನು ಮೀನಿನ ವಾಸನೆ ಸಮೇತ ಬಲೆಗೆ ಬಿದ್ದಿದ್ದೆ!

ಬಲೆ ಹೆಣೆಯುತ್ತಿದ್ದ ನೆರೆಯ ನಾರಾಯಣ ಎದ್ದೂ ನಿಲ್ಲದೆ ಕೇಳಿದ. "ಹ್ವಾಯ್, ದೊಡ್ಡದೇ ಬಿದ್ದಿತ್ತಲ್ಲ! ಎಷ್ಟ್ ಕೆಜಿ ಬತ್ತ್?"

ತಿರುಗಿ ನೋಡಿದರೆ ಗುಲಾಬಿ ಕಣ್ಣು ಮುಚ್ಚಿದ್ದಳು. ಕನ್ನಡಕ ಎಲ್ಲೋ ಹಾರಿತ್ತು. ಆದರೆ ಕುಂಬಳಕಾಯಿ ಎದೆಗೆ ಅಂಟಿಕೊಂಡಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಮನೆಗೆ ಬಂದ ಮೇಲೆ ಅದನ್ನು ಒಡೆಯಲೂ ಬಿಡಲಿಲ್ಲ, ಸಾಂಬಾರಿಗೂ ಕೊಡಲಿಲ್ಲ. "ಎತ್ಕಂಡದ್ದನ್ನ ಕೊಯ್ಯುಕ್ ನಂಗೆ ಮನ್ಸ್ ಬತ್ತಿಲ್ಲೆ" ಅಂದಳು.

ನಾರಾಯಣ ತನ್ನ ಟೆಂಪೋಗೆ ಕಟ್ಟಿ ವ್ಯಾನನ್ನು ತಲ್ಲೂರಿನ ಗ್ಯಾರೇಜಿಗೆ ಎಳೆದ. ಮೇಸ್ತ್ರಿ ಚಕ್ರ ಬಿಚ್ಚಿದ. ಮೂಸಿದ. ನನ್ನನ್ನು ನೋಡಿದ.

"ಅಜ್ಜ, ಉಪ್ಪು ಖಾರ ಹಾಕುಕ್ ಮರ್ತ್ರ್ಯಾ?"

ಬ್ರೇಕು ಹಿಡಿಯುವುದೇ ಒಣ ಉಜ್ಜಾಟದಿಂದ, ಅದಕ್ಕೆ ಎಣ್ಣೆ ಮುಟ್ಟಿಸಲೇಬಾರದು ಎಂದು ಅವನು ತಿಳಿಸಿ ಹೇಳಿದ. ನನ್ನ ಪ್ಯಾಡನ್ನು ಬಿಸಾಡಿ, ಬಿಲ್ಲೆ ತೊಳೆದು, ಬೇರೆ ಪ್ಯಾಡು ಹಾಕಿ, ಅವನೇ ಓಡಿಸಿ ಪಳಗಿಸಿ ಶನಿವಾರ ಸಂಜೆ ಕೊಟ್ಟ. ಶಾಕು ಮಾತ್ರ ಸರಿಯಾಗಿಯೇ ಕೂತಿದೆ ಎಂದ. ಆ ಒಂದು ಮಾತಿಗೆ ನನ್ನ ಎದೆ ಮತ್ತೆ ಉಬ್ಬಿತು!

ಭಾನುವಾರ ಗುಲಾಬಿಯ ಜೊತೆ ಬಿಜೂರಿಗೆ ಹೋಗಿ, ಬೀಗರ ಎದುರೇ ಸೊಸೆಯನ್ನೂ ಮೊಮ್ಮಗಳನ್ನೂ ವ್ಯಾನಿಗೆ ಹತ್ತಿಸಿಕೊಂಡೆ. ಆ ಗುಂಗುರು ಕೂದಲು, ಆ ಬೊಚ್ಚು ಬಾಯಿಯ ನಗೆ! ಹೆದ್ದಾರಿಗೆ ಬಂದೆವು. ವ್ಯಾನು ತೇಲುತ್ತಿತ್ತು. ಕುಲುಕಿಲ್ಲ, ಸದ್ದಿಲ್ಲ.

ಮಗು ಕಿಟಾರನೆ ಕಿರುಚಿತು.

ಹಾಲು ಕೊಟ್ಟರೂ ಅಳು, ಗಿಲಕಿ ಆಡಿಸಿದರೂ ಅಳು. ಮರವಂತೆಯ ಕಡಲು ತೋರಿಸಿದರೂ ಅಳು. ತಲ್ಲೂರು ಹತ್ತಿರ ಒಂದು ಹಂಪು ಬಂತು. ವ್ಯಾನು ಕೊಂಚ ಎಗರಿತು. ಅಳು ನಿಂತಿತು! ಹಂಪು ದಾಟಿತು. ಅಳು ಶುರು!

ಸೊಸೆ ನಾಚುತ್ತ ಗುಟ್ಟು ಬಿಟ್ಟಳು. "ಮಾವ, ಅಲ್ಲಿ ಅಪ್ಪಯ್ಯ ತೊಡಿ ಮೇಲ್ ಹಾಕ್ಕಂಡ್ ದಡಬಡ ಕುಲ್ಕಿಯೇ ಒರಗ್ಸುದ್. ಕುಲ್ಕದಿದ್ರೆ ಇವ್ಳಿಗೆ ನಿದ್ದಿ ಬತ್ತಿಲ್ಲೆ."

ನಾನು ಹೆದ್ದಾರಿ ಬಿಟ್ಟು, ಕಲ್ಲು ಎದ್ದ ಪಕ್ಕದ ದಾರಿಗೆ ಇಳಿದೆ. ಒಂದನೇ ಗೇರಿನಲ್ಲಿ ಗುಂಡಿ ಹುಡುಕಿ ಹುಡುಕಿ ಬಿಟ್ಟೆ. ಹೊಸ ಶಾಕು ಒಂದೊಂದು ಗುಂಡಿಯನ್ನೂ ನುಂಗಿ ಹಾಕುತ್ತಿತ್ತು. ಛೆ, ಎಂಥ ಒಳ್ಳೆಯ ಶಾಕು ತಂದೆನಪ್ಪಾ!

"ಹಳೆ ಶಾಕ್ ಎಲ್ಲಿತ್ತ್?" ಗುಲಾಬಿ ಹಿಂದಿನಿಂದ ತಣ್ಣಗೆ ಕೇಳಿದಳು.

"ಗುಜರಿಗೆ ಕೊಟ್ಟೆ."

ಮನೆ ಮುಟ್ಟಿದರೂ ಅಳು ನಿಲ್ಲಲಿಲ್ಲ. ನಾನೇ ಜಗುಲಿಯಲ್ಲಿ ಕೂತು ಮೊಮ್ಮಗಳನ್ನು ತೊಡೆಗೆ ಹಾಕಿಕೊಂಡು ಕಾಲು ಅಲ್ಲಾಡಿಸಿದೆ. ಬೋಟಿನಲ್ಲಿ ನಿಂತು ನಿಂತು ಸವೆದ ಮಂಡಿ. ಕಟಕಟ ಎಂದಿತು, ಕುಲುಕಿತು, ಒಂದು ಕಡೆ ವಾಲಿತು. ಎರಡೇ ನಿಮಿಷ. ಮಗು ಬಾಯಿ ತೆರೆದು ನಿದ್ದೆ ಹೋಯಿತು.

ಗುಲಾಬಿ ಬಂದು ಮೊಮ್ಮಗಳ ಮುಖ ನೋಡಿದಳು. ನನ್ನ ಮಂಡಿ ನೋಡಿದಳು. ಆಮೇಲೆ ಕೊಟ್ಟಿಗೆಗೆ ಹೋಗಿ ನನ್ನ ಸ್ಪ್ಯಾನರಿನ ಪೆಟ್ಟಿಗೆಗೆ ಬೀಗ ಹಾಕಿದಳು.

"ಇದೊಂದ್ ಹಳೆ ಶಾಕ್ ಉಳ್ದಿತ್ತ್. ಇದ್ನ ಬಿಚ್ಚುಕ್ ಹೋಯ್ಬೇಡಿ!"