ಮಲಗಿದ ಸೀಟನ್ನು ಅನುಮತಿಯಿಲ್ಲದೆ ಎಬ್ಬಿಸಿದ ಬಗ್ಗೆ

ಜಂಟಿ ನಿರ್ದೇಶಕರ ಕಾರ್ಯಾಲಯ
ಸಂಖ್ಯೆ: ಜಂನಿ/ವಾಹನ/ಸೀಟು/ಎಡ/1998-99

ಸುತ್ತೋಲೆ

ವಿಷಯ: ಕೂಡ್ಲಿಗಿ ಉಪ ಕಚೇರಿಯ ಕಾರಿನ ಮುಂದಿನ ಎಡ ಸೀಟನ್ನು ಸಹಾಯಕ ನಿರ್ದೇಶಕಿಯವರು ಸ್ವಂತ ಕೈಯಿಂದ ದುರಸ್ತಿ ಮಾಡಿರುವ ಕುರಿತು.

ಉಲ್ಲೇಖ: 1) ಸದರಿಯವರ ಮನವಿ. 2) ಮನವಿಯ ಜ್ಞಾಪನ. 3) ಜ್ಞಾಪನ ತಲುಪಿಲ್ಲವೆಂದು ಈ ಕಚೇರಿ ಬರೆದ ಉತ್ತರ. 4) ಉಜ್ಜಿನಿ ಗ್ರಾಮಸ್ಥರ ಅರ್ಜಿ.

ಪ್ರಸ್ತಾವನೆ:

ಸಹಾಯಕ ನಿರ್ದೇಶಕಿ ಶ್ರೀಮತಿ ಬಸಲಿಂಗಮ್ಮನವರು ಕೂರುವ ಸೀಟಿನ ಬೆನ್ನು ಯುಗಾದಿಯ ಆಸುಪಾಸಿನಲ್ಲಿ ಹಿಡಿತ ಕಳೆದುಕೊಂಡಿತು. ಸಮತಟ್ಟು ರಸ್ತೆಯಲ್ಲಿ ಮರ್ಯಾದೆಯಿಂದ ನಿಲ್ಲುತ್ತಿದ್ದ ಸದರಿ ಸೀಟು, ದಿನ್ನೆ ಬಂದೊಡನೆ ಹಿಂದಕ್ಕೆ ಬಿದ್ದು ಅಧಿಕಾರಿಯವರನ್ನು ಕಡತಗಳ ಸಮೇತ ಅಂಗಾತ ಮಲಗಿಸುತ್ತಿತ್ತು. ಚಾಲಕ ಓಬಣ್ಣನವರು "ದಿನ್ನಿ ಬಂತ್ರಿ ಮೇಡಂ, ಗಟ್ಟಿ ಹಿಡ್ಕೊರ್ರಿ" ಎಂದು ಎಚ್ಚರಿಸುತ್ತಿದ್ದರಾದರೂ, ಹಿಡಿದುಕೊಳ್ಳಲು ಇಲಾಖೆಯು ಏನನ್ನೂ ಒದಗಿಸಿರಲಿಲ್ಲ.

ಹೊಸಪೇಟೆಯ ಕಾರು ಮಾರಾಟಗಾರರು ಪರಿಶೀಲಿಸಿ, ಕೆಟ್ಟ ಭಾಗ ಬಿಡಿಯಾಗಿ ಸಿಗುವುದಿಲ್ಲವೆಂದೂ, ಇಡೀ ಸೀಟು ಬದಲಿಸಬೇಕೆಂದೂ, ಬಣ್ಣ ಹೊಂದಬೇಕಾದ್ದರಿಂದ ಪಕ್ಕದ್ದನ್ನೂ ಬದಲಿಸುವುದು ಒಳ್ಳೆಯದೆಂದೂ ತಿಳಿಸಿದರು. ಕಡತ ಈ ಕಚೇರಿಗೆ ಬಂತು. ಪರಿಶೀಲನೆಯು ಆತುರದ ಕೆಲಸವಲ್ಲವಾದ ಕಾರಣ, ಅಲ್ಲಿಯವರೆಗೆ ಅಧಿಕಾರಿಯವರು ತಮ್ಮ ಬೆನ್ನನ್ನು ತಾವೇ ನೇರವಾಗಿರಿಸಿಕೊಳ್ಳುವಂತೆ ಸೂಚಿಸಲಾಯಿತು.

ಈ ನಡುವೆ ದಿನ್ನೆಯ ಮೇಲಿರುವ ಉಜ್ಜಿನಿಯಲ್ಲಿ ಗಾಳೆಮ್ಮ ಎಂಬ ವೃದ್ಧೆಯು ಕಾರಿನೊಳಗೆ ಬಗ್ಗಿ ನೋಡಿ, "ಅಯ್ಯ, ಇಲ್ಲೊಬ್ಬಾಕಿ ಮಲಗ್ಯಾಳಲ್ಲೋ! ಯವ್ವಾ, ದವಾಖಾನಿಗೆ ಹೊಂಟೀಯೇನು? ಎಷ್ಟು ತಿಂಗಳಾತು?" ಎಂದು ಕೇಳಿದ್ದು, ನಿವೃತ್ತಿಯ ಅಂಚಿನಲ್ಲಿರುವ ಅಧಿಕಾರಿಯವರ ಮನಸ್ಸಿಗೆ ನಾಟಿತು. ಬಗ್ಗಿ ನೋಡದ ಉಳಿದ ಗ್ರಾಮಸ್ಥರು, "ನಮ್ಮೂರಿಗೆ ಬರೀ ಕಾರು ಬರ್ತೈತಿ, ಒಳಗ ಯಾರೂ ಇರಂಗಿಲ್ಲ" ಎಂದು ಅರ್ಜಿ ಸಲ್ಲಿಸಿದರು. ಅದರ ಮೇರೆಗೆ ಸದರಿಯವರ ಪ್ರವಾಸಗಳನ್ನೆಲ್ಲ ಗೈರುಹಾಜರಿ ಎಂದು ಪರಿಗಣಿಸಿ, ಬಡ್ತಿ ತಡೆಹಿಡಿದು ನೋಟಿಸು ನೀಡಲಾಯಿತು.

ನೋಟಿಸು ಓದಿದ ಬಸಲಿಂಗಮ್ಮನವರು ಭಾನುವಾರ ಬೆಳಿಗ್ಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾರಿನ ಬಳಿ ಬಂದು, "ಓಬಣ್ಣ, ಪಾನಾ ತಾ" ಎಂದರು.

"ಬ್ಯಾಡ್ರಿ ಮೇಡಂ, ಸರ್ಕಾರಿ ಸೀಟೈತಿ. ಬಿಚ್ಚಿದ್ರ ನನ್ನ ತಲಿಗೆ ಬರ್ತೈತಿ."

"ಬಂದ್ರ ನನ್ನ ತಲಿಗೆ ಬರ್ಲಿ. ಇಷ್ಟು ದಿನ ಬಿದ್ದಿದ್ದೂ ನನ್ನ ತಲೀನ."

ಸೀಟು ಬಿಚ್ಚಲಾಗಿ, ಬೆನ್ನನ್ನು ಹಿಡಿದಿಡುವ ಕೊಂಡಿಯ ಸ್ಪ್ರಿಂಗು ತುಂಡಾಗಿರುವುದು ಕಂಡುಬಂತು. ತಂತಿ ಬಿಗಿದು ನೋಡಿದಾಗ ಸೀಟು ಮುಂದಕ್ಕೆ ಮಡಚಿ, ಈವರೆಗೆ ಅಂಗಾತ ಬೀಳುತ್ತಿದ್ದವರನ್ನು ಬೋರಲು ಹಾಕಿತು. ಓಬಣ್ಣನವರು ನಕ್ಕಿಲ್ಲವೆಂದು ಹೇಳಿಕೆ ನೀಡಿದ್ದಾರೆ. ಹಣೆ ಉಜ್ಜಿಕೊಳ್ಳುತ್ತ ಮನೆಗೆ ಹೋದ ಅಧಿಕಾರಿಯವರು, ಪತಿ ಪಾಲಾಕ್ಷಪ್ಪನವರು ಸ್ನಾನಕ್ಕೆ ಹೋಗಿದ್ದ ಸಮಯ ನೋಡಿ, ಅವರ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು ಕಿತ್ತು ತಂದು ಸಿಕ್ಕಿಸಿದರು. ಸೀಟು 'ಟಕ್' ಎಂದು ನಿಂತಿತು. ಕಾರನ್ನು ದಿನ್ನೆ ಹತ್ತಿಸಿದರು, ಬೀಳಲಿಲ್ಲ. ಎಷ್ಟೋ ತಿಂಗಳ ಮೇಲೆ ದಿನ್ನೆಯಲ್ಲೂ ಎದುರಿನ ರಸ್ತೆ ಕಂಡು ಸದರಿಯವರ ಕಣ್ಣು ತುಂಬಿ ಬಂತು. ಸದರಿ ಸಂತೋಷಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ.

ಮುಂದಿನ ಭೇಟಿಯಲ್ಲಿ ಉಜ್ಜಿನಿಯವರು "ಹೊಸ ಮೇಡಂ ಬಂದಾರ" ಎಂದು ಹಾರ ಹಾಕಿ, ಹಿಂದಿನ ಅಧಿಕಾರಿಯ ಮೇಲೆ ಬಾಯ್ತುಂಬ ದೂರು ಹೇಳಿದರು. ಬಸಲಿಂಗಮ್ಮನವರು ಅದನ್ನು ಕೊನೆಯವರೆಗೂ ನೆಟ್ಟಗೆ ಕೂತು ಕೇಳಿದರು.

ಮೇಲ್ಕಂಡ ಗಂಭೀರ ಬೆಳವಣಿಗೆಯ ಹಿನ್ನೆಲೆಯಲ್ಲಿ ಈ ಮೂಲಕ ಸೂಚಿಸುವುದೇನೆಂದರೆ:

1. ಕಡತ ವಿಲೇವಾರಿಯಾಗುವವರೆಗೆ ಸದರಿ ಸೀಟನ್ನು ಮುರಿದ ಸೀಟೆಂದೇ ಭಾವಿಸತಕ್ಕದ್ದು. ದಿನ್ನೆ ಬಂದಾಗ ಸೀಟು ಬೀಳದಿದ್ದಲ್ಲಿ ಅಧಿಕಾರಿಯವರು ಸ್ವಪ್ರಯತ್ನದಿಂದ ಹಿಂದಕ್ಕೆ ವಾಲತಕ್ಕದ್ದು.

2. ಸ್ಪ್ರಿಂಗು ಈಗ ಸರ್ಕಾರದ ಸ್ವತ್ತು. ಅದನ್ನು ಮರಳಿಸಬೇಕೆಂಬ ಪಾಲಾಕ್ಷಪ್ಪನವರ ಕೋರಿಕೆ ತಿರಸ್ಕೃತವಾಗಿದೆ. ಅವರು ಸೈಕಲ್ಲನ್ನು ಗೋಡೆಗೆ ಒರಗಿಸಬಹುದು. ಕಚೇರಿಯ ಗೋಡೆಗೆ ಅಲ್ಲ.

3. ಹಾರವು ಹೊಸ ಅಧಿಕಾರಿಗೆ ಹಾಕಿದ್ದಾಗಿದ್ದು, ಅಂಥವರು ಯಾರೂ ವರದಿ ಮಾಡಿಕೊಂಡಿಲ್ಲವಾದ್ದರಿಂದ, ಅವರು ಬರುವವರೆಗೆ ಅದನ್ನು ಬಾಡದಂತೆ ಕಾಯ್ದಿರಿಸತಕ್ಕದ್ದು.

4. ಹಿಂದಿನ ಅಧಿಕಾರಿ ಹೋಗಿದ್ದಾರೆಂದು ಗ್ರಾಮಸ್ಥರೇ ದೃಢಪಡಿಸಿರುವುದರಿಂದ, ನೋಟಿಸು ಜಾರಿಗೆ ಆಸಾಮಿ ಪತ್ತೆಯಿಲ್ಲವೆಂದು ಪ್ರಕರಣ ಮುಕ್ತಾಯಗೊಳಿಸಿ, ಸದರಿ ಸೀಟಿನಲ್ಲಿ ಈಗ ಕೂತಿರುವವರಿಗೆ ಬಡ್ತಿ ನೀಡಲಾಗಿದೆ.

5. ಇನ್ನು ಮುಂದೆ ಯಾವ ನೌಕರರೂ ಸರ್ಕಾರಿ ವಾಹನವನ್ನು ತಾವೇ ರಿಪೇರಿ ಮಾಡಕೂಡದು.

6. ಈ ಕಚೇರಿಯ ಕಾರಿನ ಹಿಂದಿನ ಎರಡೂ ಬಾಗಿಲುಗಳು ದಸರೆಯಿಂದ ತೆರೆಯುತ್ತಿಲ್ಲ. ಶ್ರೀಮತಿ ಬಸಲಿಂಗಮ್ಮನವರು ಬರುವ ಶನಿವಾರ ಪಾನಾ ಸಮೇತ ಖುದ್ದು ಹಾಜರಾಗತಕ್ಕದ್ದು. ಇದಕ್ಕೆ ಕಲಂ 5 ಅನ್ವಯಿಸುವುದಿಲ್ಲ.

ಸಹಿ/-
ಜಂಟಿ ನಿರ್ದೇಶಕರು
(ಕಾರಿನೊಳಗಿಂದ ಸಹಿ ಮಾಡಲಾಗಿದೆ)

ಪ್ರತಿಗಳು:
1. ಹಡಗಲಿ, ಹಗರಿಬೊಮ್ಮನಹಳ್ಳಿ ಉಪ ಕಚೇರಿಗಳಿಗೆ, ತಮ್ಮ ಸೀಟುಗಳನ್ನು ಅಲುಗಾಡಿಸಿ ನೋಡದಿರಲು.
2. ಶ್ರೀ ಪಾಲಾಕ್ಷಪ್ಪ, ಕೂಡ್ಲಿಗಿ, ಸಮಾಧಾನಕ್ಕಾಗಿ.
3. ಈ ಕಚೇರಿಯ ಚಾಲಕರಿಗೆ, ಶನಿವಾರದವರೆಗೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿಡಲು ಹಾಗೂ ಸಾಹೇಬರು ಹೊರಬರುವಾಗ ಕಾಲು ಹಿಡಿದು ಎಳೆಯದಿರಲು.